ಗಂಜಿ ಸೀರೆಯ ನೆರಳು

ಅಕ್ಕನ ಮನೆಯ ಸೋಲಾರ್ ಪ್ಯಾನೆಲ್ಲಿನಿಂದ ಒಂದು ಡಯೋಡ್ ತೆಗೆದಿದ್ದೆ. ಮತ್ತೆ ಹಾಕಲಿಲ್ಲ. ಹಾಕಲಿಲ್ಲವೆಂದು ಹೇಳಲೂ ಇಲ್ಲ. ಕಡಲೆಕಾಯಿ ಬೀಜಕ್ಕಿಂತ ಸ್ವಲ್ಪ ದೊಡ್ಡ ಸಾಮಾನು ಅದು. ಕಪ್ಪು ಮೈ, ಎರಡು ಕಡೆ ತಂತಿಯ ಕಾಲು, ಒಂದು ತುದಿಗೆ ಬೆಳ್ಳಿ ಬಣ್ಣದ ಗೆರೆ. ವಾಪಸು ಹಾಕಲು ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕಿತ್ತು. ಹೋದಾಗಲೆಲ್ಲ ಕಾಫಿ ಮಾತ್ರ ಕುಡಿದು ಬಂದೆ.

ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ನಾನು ಕೆಲಸ ಮಾಡುತ್ತಿದ್ದ ಸೋಲಾರ್ ಅಂಗಡಿಯ ಮಾಲೀಕರು, ಹೊಸದಾಗಿ ಸೇರುವ ಹುಡುಗರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದರು. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಬೆಳಿಗ್ಗೆ ಹೆದರಿಕೊಂಡು ಹಲಸೂರು ಕೆರೆಯ ದಂಡೆಯ ಮೇಲೆ ಕೂತು ಮನೆಗೆ ಬಂದವನು ನಾನು. ನನ್ನ ಕೈಲಿ ಪಾಠ ಬರೆಸುವುದೆಂದರೆ ಮಾಲೀಕರಿಗೂ ಆ ದಿನ ಬಿಸಿಲು ಹೆಚ್ಚಾಗಿರಬೇಕು. ಆದರೂ ಒಪ್ಪಿಕೊಂಡೆ. ಬರೆಯತೊಡಗಿದ ಮೇಲೆ ಗೊತ್ತಾಯಿತು, ಎಲ್ಲಿಂದ ಶುರು ಮಾಡಿದರೂ ಪೆನ್ನು ಅಕ್ಕನ ಟೆರೇಸಿಗೇ ಹತ್ತುತ್ತದೆ.

ಆ ಕೆಲಸ ಕೊಡಿಸಿದವಳೂ ಅಕ್ಕನೇ. ಜಯಕ್ಕ ನನಗಿಂತ ಸಾಕಷ್ಟು ದೊಡ್ಡವಳು. ಭಾವ ಬೇಗ ತೀರಿಕೊಂಡಿದ್ದರು. ಹಲಸೂರಿನ ಹಳೆಯ ಓಣಿಯ ಮನೆಯಲ್ಲಿ ಅಕ್ಕ ಸೀರೆ ಕೆಲಸ ಮಾಡುತ್ತಿದ್ದಳು. ಫಾಲ್ ಹೊಲಿಯುವುದು, ಪಿಕೋ ಮಾಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಕಾಟನ್ ಸೀರೆಗಳಿಗೆ ಗಂಜಿ ಹಾಕುವುದು. ಕಮರ್ಷಿಯಲ್ ಸ್ಟ್ರೀಟಿನ ಒಂದು ಸೀರೆ ಅಂಗಡಿಯಿಂದ ಗಂಟು ಗಂಟಾಗಿ ಬರುತ್ತಿದ್ದವು. ಗಂಜಿ ಹಾಕಿದ ಸೀರೆ ಬಿಸಿಲು, ಗಾಳಿ ಎರಡರಲ್ಲೂ ಒಣಗಬೇಕು. ಅಕ್ಕನ ಸೀರೆ ಉಟ್ಟ ಟೀಚರಮ್ಮ ನಡೆದರೆ ಕ್ಲಾಸಿನ ಹಿಂದಿನ ಬೆಂಚಿಗೂ ಸದ್ದು ಕೇಳಿಸುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದರಂತೆ. ಅದನ್ನು ಹೇಳುವಾಗ ಅಕ್ಕನ ಕತ್ತು ಸ್ವಲ್ಪ ಎತ್ತರವಾಗುತ್ತಿತ್ತು. ಸೋಲಾರ್ ಅಂಗಡಿಯ ಮಾಲೀಕರ ಹೆಂಡತಿಯೂ ಅವಳ ಗಿರಾಕಿ. ‘ನನ್ನ ತಮ್ಮನಿಗೆ ಓದು ಹತ್ತಲಿಲ್ಲ, ಕೈ ಚುರುಕು’ ಎಂದು ಸೀರೆಯ ಜೊತೆಗೆ ನನ್ನನ್ನೂ ಮಡಿಸಿ ಕೊಟ್ಟುಬಿಟ್ಟಳು.

ಕೈಯ ಚುರುಕು ಎಂಥದೆಂದು ಮೊದಲ ತಿಂಗಳಲ್ಲೇ ಗೊತ್ತಾಯಿತು. ಆಗಿನ್ನೂ ನೀರು ಕಾಯಿಸುವ ಸೋಲಾರ್ ಮಾತ್ರ. ಇಂದಿರಾನಗರದ ಒಂದು ಮನೆಯಲ್ಲಿ ಪೈಪು ಜೋಡಿಸಿ ಬಂದೆ. ಮರುದಿನ ಫೋನು. ಸ್ನಾನಕ್ಕೆ ತಣ್ಣೀರು ಬರುತ್ತಿದೆ, ಕಕ್ಕಸಿನ ಫ್ಲಶ್ಶಿನಲ್ಲಿ ಹೊಗೆಯಾಡುವ ಬಿಸಿನೀರು. ಮನೆಯ ಯಜಮಾನರು ಸಿಟ್ಟಾಗಲಿಲ್ಲ. ‘ಇಷ್ಟು ಸೌಕರ್ಯ ಅರಮನೆಯಲ್ಲೂ ಇರಲಿಕ್ಕಿಲ್ಲ’ ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕರೆಂಟು ತೆಗೆಯುವ ಪ್ಯಾನೆಲ್ಲುಗಳು ಬಂದಾಗ ನನ್ನನ್ನು ಸೆಲ್ವಂ ಅಣ್ಣನ ಕೈಗೆ ಒಪ್ಪಿಸಿದರು. ಸೆಲ್ವಂ ಅಣ್ಣ ನಮ್ಮ ಫೋರ್‌ಮನ್. ಹಲಸೂರಿನಲ್ಲೇ ಹುಟ್ಟಿದವರು, ಅರ್ಧ ತಮಿಳು ಅರ್ಧ ಕನ್ನಡ, ಬೈಯುವಾಗ ಪೂರ್ತಿ ತಮಿಳು. ಪ್ಯಾನೆಲ್ಲಿನ ಬೆನ್ನ ಮೇಲಿನ ಕಪ್ಪು ಡಬ್ಬಿಯ ಮುಚ್ಚಳ ಬಿಚ್ಚಿ, ಒಳಗಿದ್ದ ಮೂರು ಡಯೋಡುಗಳನ್ನು ತೋರಿಸಿ ಇವು ಯಾಕೆ ಎಂದು ಕೇಳಿದರು. ನಾನು ಫ್ಯೂಸು ಎಂದೆ. ಅವರು ಆಕಾಶ ನೋಡಿ, ಆಮೇಲೆ ನನ್ನನ್ನು ನೋಡಿದರು.

“ತಂಬಿ, ಕೆ.ಆರ್. ಪುರಂ ಬ್ರಿಡ್ಜ್ ಹತ್ರ ಒಂದು ಲಾರಿ ಕೆಟ್ಟು ನಿಂತ್ರೆ ಏನಾಗತ್ತೆ?”

“ಹಿಂದೆ ಎಲ್ಲಾ ನಿಂತೋಗತ್ತೆ ಅಣ್ಣಾ.”

“ಸುಮ್ನೆ ನಿಲ್ತಾರಾ?”

“ಹಾರ್ನ್ ಹೊಡೀತಾರೆ.”

“ಇಲ್ಲಿ ಹಾರ್ನ್ ಇಲ್ಲಪ್ಪಾ. ಇಲ್ಲಿ ತಳ್ತಾರೆ. ತಳ್ಳಿಸ್ಕೊಂಡು ತಳ್ಳಿಸ್ಕೊಂಡು ಆ ಲಾರಿ ಕಾದು ಸುಟ್ಟೋಗತ್ತೆ. ಅದಕ್ಕೇ ಪಕ್ಕದಲ್ಲಿ ಒಂದು ರೋಡ್ ಕೊಟ್ಟವ್ರೆ. ಇದು ಆ ರೋಡು.”

ಇವತ್ತಿಗೂ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಪ್ಯಾನೆಲ್ಲಿನೊಳಗೆ ಸಣ್ಣ ಸಣ್ಣ ಬಿಲ್ಲೆಗಳು ಒಂದರ ಹಿಂದೆ ಒಂದು ಸಾಲಾಗಿರುತ್ತವೆ. ಎಲ್ಲದರಲ್ಲೂ ಒಂದೇ ಕರೆಂಟು ಹರಿಯಬೇಕು. ಒಂದು ಬಿಲ್ಲೆಯ ಮೇಲೆ ನೆರಳು ಬಿದ್ದರೆ ಅದು ಕರೆಂಟು ಹುಟ್ಟಿಸುವುದನ್ನು ನಿಲ್ಲಿಸಿ, ದಾರಿಗೆ ಅಡ್ಡ ನಿಲ್ಲುತ್ತದೆ. ಬಿಸಿಲಲ್ಲಿರುವ ಉಳಿದವು ಅದರ ಮೂಲಕವೇ ತಳ್ಳುತ್ತವೆ, ತಳ್ಳಿದ್ದೆಲ್ಲ ಅದರ ಮೈಯಲ್ಲಿ ಬಿಸಿಯಾಗುತ್ತದೆ. ಡಯೋಡ್ ಇದ್ದರೆ ಕರೆಂಟು ಆ ಸಾಲನ್ನು ಬಿಟ್ಟು ಪಕ್ಕದಿಂದ ಹಾದು ಹೋಗುತ್ತದೆ. ನಮ್ಮ ಪ್ಯಾನೆಲ್ಲುಗಳಲ್ಲಿ ಮೂರು ಭಾಗ, ಭಾಗಕ್ಕೊಂದು ಡಯೋಡ್. ನೆರಳು ಬಿದ್ದ ಭಾಗದ ಕರೆಂಟು ಅಷ್ಟು ಹೊತ್ತು ಹೋಯಿತು ಎಂದುಕೊಳ್ಳಿ. ಮಿಕ್ಕ ಎರಡು ಭಾಗ ಕೆಲಸ ಮಾಡುತ್ತವೆ, ಪ್ಯಾನೆಲ್ ಸುಡುವುದಿಲ್ಲ. ಡಯೋಡ್ ಇದೆಯೆಂದು ನೀರಿನ ಟ್ಯಾಂಕಿನ ನೆರಳಲ್ಲಿ ಪ್ಯಾನೆಲ್ ಕೂರಿಸಬೇಡಿ. ನಷ್ಟ ಕಡಿಮೆಯಾಗುತ್ತದೆಯೇ ಹೊರತು ನೆರಳು ಬಿಸಿಲಾಗುವುದಿಲ್ಲ.

ಪಾಠ ಕಲಿತ ಹುಮ್ಮಸ್ಸಿನಲ್ಲಿ ಒಂದು ಮನೆಯಲ್ಲಿ ಕೆಟ್ಟ ಡಯೋಡನ್ನು ನಾನೇ ಬದಲಾಯಿಸಿದೆ. ಎಲ್ಲಾ ಸರಿಯಾಯಿತು ಎಂದು ಮನೆಯವರಿಗೆ ಹೇಳಿ ಕೈ ತೊಳೆದುಕೊಂಡೆ. ಸೆಲ್ವಂ ಅಣ್ಣ ಬಂದು ಮೀಟರ್ ಹಿಡಿದರೆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಸತ್ತು ಮಲಗಿದೆ, ಡಯೋಡ್ ಮುಟ್ಟಿದರೆ ಬೆರಳು ಸುಡುತ್ತಿದೆ. ಬೆಳ್ಳಿ ಗೆರೆ ಯಾವ ಕಡೆ ಇಟ್ಟೆ ಎಂದು ಕೇಳಿದರು. ಕಾಣುವ ಕಡೆ ಇಟ್ಟೆ ಅಣ್ಣಾ, ನೋಡೋಕೆ ಚೆನ್ನಾಗಿರತ್ತೆ ಅಂತ ಎಂದೆ. ಗೆರೆಯ ತುದಿ ಆ ಭಾಗದ ಪ್ಲಸ್ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಬಿಸಿಲಲ್ಲೇ ಕರೆಂಟೆಲ್ಲ ಡಯೋಡಿನೊಳಗೇ ಸುತ್ತಿ ಮುಗಿದುಹೋಗುತ್ತದೆ. ಆವತ್ತು ಪೂರ್ತಿ ತಮಿಳು ಕೇಳಿದೆ.

ನಮ್ಮ ಕೆಲಸದಲ್ಲಿ ಒಂದು ಮಾತಿತ್ತು, ‘ಅಡ್ಜಸ್ಟ್’. ಬೆಂಗಳೂರಿನಲ್ಲಿ ಬಸ್ಸಿನ ಸೀಟಿನಿಂದ ಹಿಡಿದು ಮದುವೆ ಊಟದ ಎಲೆಯವರೆಗೆ ಎಲ್ಲದಕ್ಕೂ ಸ್ವಲ್ಪ ಅಡ್ಜಸ್ಟ್ ಮಾಡಿ ಅನ್ನುತ್ತೇವಲ್ಲ, ಅದೇ. ನಮ್ಮಲ್ಲಿ ಅದಕ್ಕೆ ಇನ್ನೊಂದು ಅರ್ಥ. ಒಂದು ಸೈಟಿನಲ್ಲಿ ಸಾಮಾನು ಕಡಿಮೆ ಬಿದ್ದರೆ ಇನ್ನೊಂದು ಸೈಟಿನಿಂದ ತೆಗೆದು ಹಾಕುವುದು, ಹೊಸ ಸಾಮಾನು ಬಂದ ಮೇಲೆ ಅಲ್ಲಿಗೆ ತುಂಬುವುದು. ನೆಂಟರ ಮನೆ ಇದಕ್ಕೆ ಬಹಳ ಒಳ್ಳೆಯದು. ನೆಂಟರು ಕಂಪ್ಲೇಂಟ್ ಕೊಡುವುದಿಲ್ಲ.

ಅಷ್ಟರಲ್ಲಿ ನಾನು ಅಕ್ಕನ ಟೆರೇಸಿಗೂ ಹಠ ಮಾಡಿ ಪ್ಯಾನೆಲ್ ಹಾಕಿಸಿದ್ದೆ. ದಿನವಿಡೀ ಇಸ್ತ್ರಿ ಪೆಟ್ಟಿಗೆ ಉರಿಯುವ ಮನೆ ಅದು. ಒಂದು ಭಾನುವಾರ ಇಂದಿರಾನಗರದ ದೊಡ್ಡ ಗಿರಾಕಿಯ ಮನೆಗೆ ಮಾಲೀಕರೇ ಕೆಲಸ ನೋಡಲು ಬರುವವರಿದ್ದರು. ನೋಡಿದರೆ ಒಂದು ಡಯೋಡ್ ಕೆಟ್ಟಿದೆ. ಇಂಥ ಸಾಮಾನು ಸಿಗುವ ಎಸ್.ಪಿ. ರೋಡಿನ ಅಂಗಡಿಗಳಿಗೆ ರಜೆ. ಬೈಕ್ ಹತ್ತಿ ಹಲಸೂರಿಗೆ ಹೋದೆ, ಮೇನ್ ಆಫ್ ಮಾಡಿದೆ, ಮೆಟ್ಟಿಲಿಗೆ ಹತ್ತಿರವಿದ್ದ ಕೊನೆಯ ಪ್ಯಾನೆಲ್ಲಿಗೆ ಅಕ್ಕನದೇ ಹಳೆಯ ಬೆಡ್‌ಶೀಟ್ ಮುಚ್ಚಿದೆ, ಒಂದು ಡಯೋಡ್ ಬಿಡಿಸಿಕೊಂಡೆ. ಅಕ್ಕ ಕೆಳಗಿನಿಂದ, ಏನೋ ಅದು ರಿಪೇರಿ ಎಂದು ಕೇಳಿದಳು. ಸರ್ವಿಸ್ ಅಕ್ಕಾ ಎಂದೆ. ಭಾನುವಾರವೂ ತನ್ನ ಮನೆಯ ಸರ್ವಿಸ್ ಮಾಡುವ ತಮ್ಮ ಎಂದು ಅವಳು ಉಪ್ಪಿಟ್ಟಿಗೆ ತುಪ್ಪ ಹಾಕಿದಳು. ನಾನು ತಿಂದೆ.

ಮರುವಾರ ಹೊಸ ಡಯೋಡ್ ಕೊಂಡೆ. ಸುಳ್ಳಲ್ಲ, ಕೊಂಡೆ. ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡೆ. ಶರ್ಟು ಒಗೆಯಲು ಹೋಯಿತು. ಹೆಂಡತಿ ಅದನ್ನು ಗುಂಡಿಗಳ ಡಬ್ಬಿಗೆ ಹಾಕಿದಳು. ಬಿಸಿಲಲ್ಲಿ ಡಯೋಡಿಗೆ ಏನೂ ಕೆಲಸವಿರುವುದಿಲ್ಲ, ಇಲ್ಲದಿದ್ದರೂ ಪ್ಯಾನೆಲ್ ಚೆನ್ನಾಗಿಯೇ ಓಡುತ್ತದೆ. ಓಡುತ್ತಿದೆಯಲ್ಲ ಎಂದು ನಾನೂ ಓಡಾಡಿಕೊಂಡಿದ್ದೆ. ಅಕ್ಕನ ಸೀರೆ ಒಣಗುವ ಹಗ್ಗ ಆ ಕೊನೆಯ ಪ್ಯಾನೆಲ್ಲಿನ ಪಕ್ಕದಲ್ಲೇ ಇತ್ತು. ಹೋದಾಗಲೆಲ್ಲ ನೋಡುತ್ತಿದ್ದೆ. ನೋಡುವುದಕ್ಕೂ ಹೊಳೆಯುವುದಕ್ಕೂ ನಡುವೆ ನನ್ನ ತಲೆಯಲ್ಲಿ ಯಾವಾಗಲೂ ಕೆ.ಆರ್. ಪುರಂ ಟ್ರಾಫಿಕ್ಕು.

ಒಂದು ಬೇಸಿಗೆಯಲ್ಲಿ ಅಕ್ಕ ಫೋನ್ ಮಾಡಿದಳು, ಟೆರೇಸಿನಲ್ಲಿ ಸುಟ್ಟ ವಾಸನೆ ಬರುತ್ತಿದೆ ಎಂದು. ಹೋಗಿ ನೋಡಿದೆ. ಕೊನೆಯ ಪ್ಯಾನೆಲ್ಲಿನಲ್ಲಿ ಒಂದು ಬಿಲ್ಲೆ ಹೊತ್ತಿದ ದೋಸೆಯಂತೆ ಕಂದಾಗಿತ್ತು. ಬೆನ್ನ ಕಡೆಯ ಹಾಳೆ ಗುಳ್ಳೆ ಎದ್ದಿತ್ತು, ಮೇಲಿನ ಗಾಜು ಬಿರುಕು ಬಿಟ್ಟಿತ್ತು. ಡಬ್ಬಿ ಬಿಚ್ಚಿದೆ. ಎರಡು ಡಯೋಡ್ ಇದ್ದವು, ಮೂರನೆಯ ಜಾಗ ಖಾಲಿ. ಬಿದ್ದ ಹಲ್ಲಿನ ಜಾಗದ ಹಾಗೆ ಅದೊಂದೇ ಕಾಣಿಸುತ್ತಿತ್ತು. ಸೀರೆಯ ಅಂಚಿನ ನೆರಳು ಒಂದೆರಡು ಬಿಲ್ಲೆಗಳ ಮೇಲೆ ಬಿದ್ದಿದೆ, ಹಾದುಹೋಗಲು ಪಕ್ಕದ ದಾರಿ ಇಲ್ಲ, ಮಿಕ್ಕ ಪ್ಯಾನೆಲ್ಲುಗಳೆಲ್ಲ ಸೇರಿ ತಳ್ಳಿವೆ. ಸೆಲ್ವಂ ಅಣ್ಣನ ಲಾರಿ ನನ್ನ ಅಕ್ಕನ ಟೆರೇಸಿನಲ್ಲೇ ಸುಟ್ಟುಹೋಗಿತ್ತು.

ಅಕ್ಕ ಪಕ್ಕದಲ್ಲಿ ನಿಂತಿದ್ದಳು. ಹೆಗಲ ಮೇಲೆ ಹಿಂಡಿದ ಸೀರೆ, ಕೈಗೆ ಗಂಜಿ ಮೆತ್ತಿಕೊಂಡಿತ್ತು.

“ನನ್ನಿಂದ ಆಯ್ತೇನೋ ಕಿಟ್ಟಿ? ಸೀರೆ ಅಡ್ಡ ಬಂತಾ?”

“ನೆರಳು ಬಿದ್ರೆ ಹಿಂಗೇ ಆಗೋದು ಅಕ್ಕಾ” ಎಂದೆ.

ಆ ಮಾತಿನಲ್ಲಿ ಒಂದಕ್ಷರ ಸುಳ್ಳು ಹುಡುಕಿ ಕೊಡಿ ನೋಡೋಣ. ಸಿಗುವುದಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಪೈಪಿನಲ್ಲೂ ಮಾಡಿರಲಿಲ್ಲ, ವೈರಿನಲ್ಲೂ ಮಾಡಿರಲಿಲ್ಲ. ನಾನು ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ ಅಕ್ಕ ಹಗ್ಗದ ಗಂಟು ಬಿಚ್ಚುತ್ತಿದ್ದಳು. ಗಂಟು ಗಟ್ಟಿಯಾಗಿತ್ತು, ಕಟ್ಟಿದವನು ನಾನೇ. ಸಹಾಯ ಮಾಡು ಎಂದಳು. ಮಾಡಿದೆ.

ಸುಟ್ಟ ಪ್ಯಾನೆಲ್ಲಿನ ಜಾಗಕ್ಕೆ ಬೇರೆಯದನ್ನು ಹಾಕಿದೆ. ಅದರಲ್ಲಿ ಡಯೋಡುಗಳೆಲ್ಲ ಇದ್ದವು. ಹಗ್ಗವನ್ನು ಅವತ್ತೇ ಮತ್ತೆ ಕಟ್ಟಬಹುದಿತ್ತು. ಕಟ್ಟಬಹುದು ಎನ್ನಬೇಕಾದರೆ ಬಿಚ್ಚಿದ್ದು ಯಾಕೆ ಎಂದು ಹೇಳಬೇಕಾಗುತ್ತಿತ್ತು. ಅಕ್ಕ ಕೋಣೆಯೊಳಗೆ ಫ್ಯಾನಿನ ಕೆಳಗೆ ಸೀರೆ ಒಣಗಿಸತೊಡಗಿದಳು. ಫ್ಯಾನಿನ ಗಾಳಿಗೆ ಗಂಜಿ ಏಳುವುದಿಲ್ಲ. ಮಳೆಗಾಲದಲ್ಲಿ ಮುಗ್ಗಲು ವಾಸನೆ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯವರು ಒಂದೆರಡು ಸಲ ಹೇಳಿದರು, ಆಮೇಲೆ ಗಂಜಿ ಸೀರೆ ಕಳಿಸುವುದನ್ನು ನಿಲ್ಲಿಸಿದರು. ಅಕ್ಕನಿಗೆ ಫಾಲ್, ಪಿಕೋ ಉಳಿದವು. ಟೀಚರಮ್ಮನ ಸೀರೆಯ ಸದ್ದಿನ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ. ಯಾರಾದರೂ ಕೇಳಿದರೆ, ವಯಸ್ಸಾಯಿತು ಎನ್ನುತ್ತಿದ್ದಳು.

ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಹಲಸೂರಿನ ಮೆಟ್ರೋ ನಿಲ್ದಾಣದಲ್ಲಿ ಇಳಿಯುವವರೆಗೆ ವಾಕ್ಯ ಸರಿಯಾಗಿರುತ್ತಿತ್ತು. ಓಣಿಯ ತಿರುವಿನಲ್ಲಿ ಸ್ವಲ್ಪ ಕುಗ್ಗುತ್ತಿತ್ತು. ಬಾಗಿಲಲ್ಲಿ ಅಕ್ಕ, ಬಂದ್ಯಾ, ಕಾಫಿ ಇಡ್ತೀನಿ ಇರು ಎಂದರೆ ಮುಗಿಯಿತು. ಒಮ್ಮೆ ‘ಅಕ್ಕಾ, ಆ ಪ್ಯಾನೆಲ್ಲು...’ ಎನ್ನುವವರೆಗೆ ಹೋದೆ. ಅವಳು ಗಾಬರಿಯಾಗಿ, ಮತ್ತೆ ನಾನೇನಾದ್ರೂ ಮಾಡಿದ್ನಾ ಎಂದಳು. ಚೆನ್ನಾಗಿ ಓಡ್ತಿದೆ ಎಂದು ಹೇಳಿ ಬಂದೆ.

ನನ್ನ ಮಾತು ನನಗಿಂತ ಚುರುಕಾಗಿ ಊರು ಸುತ್ತುತ್ತಿತ್ತು. ರಿಟೈರ್ ಆಗುವುದಕ್ಕೆ ಸ್ವಲ್ಪ ಮುಂಚೆ ಹೊಸ ತಿಪ್ಪಸಂದ್ರದ ಒಂದು ಮನೆಗೆ ಸರ್ವಿಸಿಗೆ ಹೋದೆ. ಶಾರದಾ ಮೇಡಂ ಎಂದು, ಇನ್ಶೂರೆನ್ಸ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಟೆರೇಸು ಪರೀಕ್ಷೆ ಮುಗಿದ ಕೋಣೆಯಂತೆ ಖಾಲಿ. ಹಿಂದಿನ ಸಲ ಅಲ್ಲೊಂದು ಬೆತ್ತದ ಕುರ್ಚಿಯಿತ್ತು, ಅವರ ಯಜಮಾನರು ಬೆಳಗಿನ ಬಿಸಿಲಿಗೆ ಕೂತು ಪೇಪರ್ ಓದುತ್ತಿದ್ದರು. ಸಾರ್ ಹುಷಾರಾಗಿದ್ದಾರಾ ಎಂದು ಹೆದರಿಕೊಂಡೇ ಕೇಳಿದೆ.

“ಅವರಿಗೇನು, ಗುಂಡುಕಲ್ಲಿನ ಹಾಗಿದ್ದಾರೆ. ಕೆಳಗೆ ಕಳಿಸಿಬಿಟ್ಟೆ. ಅವರ ನೆರಳು ಬಿದ್ದು ಪ್ಯಾನೆಲ್ ಸುಟ್ಟರೆ ಯಾರು ಗತಿ?”

ಹಾಗೆಲ್ಲ ಸುಡುವುದಿಲ್ಲ ಮೇಡಂ, ಒಳಗೆ ಡಯೋಡ್ ಇರುತ್ತೆ, ಸಾರ್ ನೆಮ್ಮದಿಯಾಗಿ ಕೂರಲಿ ಎಂದು ಕೆ.ಆರ್. ಪುರಂ ಲಾರಿಯ ಪಾಠವನ್ನೆಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ಹಲಸೂರಿನಲ್ಲಿ ನಮ್ಮ ಸೀರೆ ಕೆಲಸದ ಜಯಮ್ಮ ಇದ್ದಾರೆ, ಅವರ ಮನೆಯದು ಬರೀ ಸೀರೆ ನೆರಳಿಗೇ ಸುಟ್ಟಿತಂತೆ, ಅವರ ತಮ್ಮ ಇದೇ ಲೈನಿನಲ್ಲಿದ್ದಾರೆ, ಅವರೇ ಹೇಳಿದ್ದಂತೆ ಎಂದರು. ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಒರೆಸಿದ್ದನ್ನೇ ಒರೆಸುತ್ತಿತ್ತು.

“ಡಯೋಡ್ ಇದ್ದಿದ್ದರೆ ಅದು ಯಾಕೆ ಸುಡಬೇಕಿತ್ತು, ಹೇಳಿ?”

“ಯಾರೋ ತೆಗೆದಿರ್ಬೇಕು ಮೇಡಂ.”

“ಯಾರು ತೆಗೀತಾರೆ?”

“ಯಾರೋ ತಲೆ ಇಲ್ದೋನು.”

“ಅಂಥವರನ್ನೆಲ್ಲ ಕೆಲಸಕ್ಕೆ ಇಟ್ಕೋಬಾರದು ನೋಡಿ.”

ಹೌದು ಮೇಡಂ ಎಂದೆ. ಬೆತ್ತದ ಕುರ್ಚಿಯನ್ನು ನಾನೇ ಹೊತ್ತು ಮೇಲಕ್ಕೆ ತಂದಿಟ್ಟೆ. ಯಜಮಾನರು ಬಂದು ಕೂತು, ಪ್ಯಾನೆಲ್ಲಿನ ಕಡೆ ಅನುಮಾನದಿಂದ ನೋಡಿ, ಕಾಲು ಒಳಗೆ ಎಳೆದುಕೊಂಡರು. ಒಬ್ಬರ ಮನೆಯ ಕುರ್ಚಿ ಸರಿಮಾಡಿದರೆ ಇನ್ನೊಬ್ಬರ ಮನೆಯ ಹಗ್ಗ ಸರಿಯಾಗುವುದಿಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಆದರೂ ಅವತ್ತು ಹಲಸೂರಿನಲ್ಲಿ ಇಳಿಯಲಿಲ್ಲ.

ಆಮೇಲೆ ರಿಟೈರ್ ಆದೆ, ಶಾಲು ಹೊದಿಸಿದರು. ಈಗ ಕೆಲಸವೇ ಬೇರೆ ಥರ. ಈಗಿನ ಬಹಳಷ್ಟು ಪ್ಯಾನೆಲ್ಲುಗಳ ಡಬ್ಬಿಯೊಳಗೆ ಅಂಟು ತುಂಬಿ ಗಟ್ಟಿ ಮಾಡಿರುತ್ತಾರೆ, ನನ್ನಂಥವರು ಅಡ್ಜಸ್ಟ್ ಮಾಡಲು ಬೆರಳು ಹೋಗುವುದಿಲ್ಲ. ಬಿಲ್ಲೆಗಳನ್ನು ಅರ್ಧ ಮಾಡಿ ಮೇಲೊಂದು ಗುಂಪು, ಕೆಳಗೊಂದು ಗುಂಪು ಜೋಡಿಸಿರುತ್ತಾರೆ, ಕೆಳಗೆ ನೆರಳಿದ್ದರೂ ಮೇಲಿನದು ದುಡಿಯುತ್ತದೆ. ಪ್ಯಾನೆಲ್ಲಿಗೆ ಬೆನ್ನು ಹಾಕಿ ಕೂತು ಮೊಬೈಲಿನಲ್ಲೇ ಅದರ ಆರೋಗ್ಯ ನೋಡಬಹುದು. ಒಳ್ಳೆಯದೇ. ಆದರೂ ಒಮ್ಮೆ ಹತ್ತಿ ನೋಡಿ. ಹಗ್ಗ ಎಲ್ಲಿದೆ, ಕುರ್ಚಿ ಎಲ್ಲಿದೆ, ಆ ಮನೆಯವರು ಟೆರೇಸಿನಲ್ಲಿ ಏನು ಮಾಡಿಕೊಂಡಿದ್ದಾರೆ ಎಂಬುದು ಮೊಬೈಲಿನಲ್ಲಿ ಕಾಣುವುದಿಲ್ಲ.

ಈ ಬರಹ ಇಲ್ಲಿಗೆ ಬಂದು ನಿಂತಿತು. ಹುಡುಗರಿಗೆ ಬುದ್ಧಿ ಹೇಳಿದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಗುಂಡಿಗಳ ಡಬ್ಬಿ ಸುರಿದು ಡಯೋಡ್ ಹುಡುಕಿ ಜೇಬಿಗೆ ಹಾಕಿಕೊಂಡೆ. ತಿಪ್ಪಸಂದ್ರ ಮಾರ್ಕೆಟ್ ರಸ್ತೆಯಲ್ಲಿ ನೈಲಾನ್ ಹಗ್ಗ ಕೊಂಡೆ. ಹಗ್ಗ ಕಟ್ಟಿಬಿಟ್ಟರೆ ಮಾತು ಬೇಕಾಗುವುದಿಲ್ಲವೇನೋ ಎಂಬ ಆಸೆ ಇನ್ನೂ ಇತ್ತು, ಮುಚ್ಚಿಡುವುದಿಲ್ಲ.

ಅಕ್ಕ ಮಂಡಿ ಹಿಡಿದುಕೊಂಡು ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. ನಾನು ಹಳೆಯ ಕೊಕ್ಕೆಗೆ ಹಗ್ಗ ಕಟ್ಟುತ್ತಿದ್ದೆ.

“ಬೇಡ ಕಣೋ, ಮತ್ತೆ ಸುಡತ್ತೆ.”

“ಸುಡಲ್ಲ ಅಕ್ಕಾ. ಈ ಪ್ಯಾನೆಲ್ಲಿಗೆ ನೆರಳು ಬಿದ್ರೂ ಏನಾಗಲ್ಲ.”

“ಹಳೇದಕ್ಕೆ ಮಾತ್ರ ಆಗ್ತಿತ್ತಾ?” ಎಂದು ಕೇಳಿ, ಸ್ವಲ್ಪ ಯೋಚಿಸಿದಳು. “ಅಂದ್ರೆ ಕಂಪ್ನಿಯೋರು ಕೆಟ್ಟದ್ದು ಕೊಟ್ಟಿದ್ರಾ? ನನ್ನದೇನೂ ಇರ್ಲಿಲ್ವಾ?”

ನೋಡಿ, ನನ್ನ ಅದೃಷ್ಟ ಎಂಥದು. ಬಾಗಿಲನ್ನು ಅವಳೇ ತೆಗೆದು ಹಿಡಿದಿದ್ದಳು. ಹೌದು ಅಕ್ಕಾ, ಕಂಪ್ನಿಯೋರು ಎಂದರೆ ಸಾಕಿತ್ತು, ಹಗ್ಗವೂ ಬಂತು, ಮರ್ಯಾದೆಯೂ ಉಳಿಯಿತು. ‘ಹೌ’ ಎನ್ನುವವರೆಗೆ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅವಳು ಹಗ್ಗವನ್ನು ಬೆರಳಿನಿಂದ ಮೀಟಿ, ಎಷ್ಟು ಬಿಗಿಯಾಗಿದೆ ಎಂದು ನೋಡಿದಳು. ಒದ್ದೆ ಸೀರೆಯ ಭಾರಕ್ಕೆ ಜೋಲದಷ್ಟು ಬಿಗಿ ಬೇಕು ಅವಳಿಗೆ, ಮೊದಲಿನಿಂದಲೂ ಹಾಗೆ.

“ಹೋಗ್ಲಿ ಬಿಡು” ಎಂದಳು. “ಇಷ್ಟು ವರ್ಷ ಹೆಂಗೋ ಅಡ್ಜಸ್ಟ್ ಮಾಡ್ಕೊಂಡೆ.”

ಆ ಮಾತು ಅವಳ ಬಾಯಲ್ಲಿ ಕೇಳಿದ ಮೇಲೆ ನನಗೆ ತಡೆದುಕೊಳ್ಳಲಾಗಲಿಲ್ಲ. ಜೇಬಿನಿಂದ ಡಯೋಡ್ ತೆಗೆದು ಅವಳ ಅಂಗೈಯಲ್ಲಿಟ್ಟೆ. ಗುಂಡಿಯೇನೋ ಎಂದು ಅವಳು ಅದನ್ನು ತಿರುಗಿಸಿ ನೋಡಿದಳು.

“ಇದು ನಿನ್ನ ಹಳೇ ಪ್ಯಾನೆಲ್ಲಿಗೆ ಸೇರ್ಬೇಕಾಗಿದ್ದು ಅಕ್ಕಾ. ಕಂಪ್ನಿಯೋರು ಸರಿಯಾಗೇ ಕೊಟ್ಟಿದ್ರು. ಅದ್ರಲ್ಲಿದ್ದ ಇಂಥದ್ದೊಂದನ್ನ ನಾನು ತೆಗ್ದು ಬೇರೆಯೋರ ಮನೆಗೆ ಹಾಕ್ದೆ, ಬದಲಿಗೆ ಇದನ್ನ ತಂದು ಹಾಕ್ಬೇಕಿತ್ತು, ಹಾಕ್ಲಿಲ್ಲ. ಅವತ್ತು ನೀನು ಕೇಳ್ದಾಗ ನಂಗೆ ಗೊತ್ತಿತ್ತು. ನಿನ್ನ ಸೀರೆ ಏನೂ ಮಾಡಿರ್ಲಿಲ್ಲ. ಸುಟ್ಟಿದ್ದು ನನ್ನಿಂದ, ನಿನ್ನ ಗಂಜಿ ಕೆಲಸ ಹೋಗಿದ್ದೂ ನನ್ನಿಂದ. ತಪ್ಪಾಯ್ತು ಅಕ್ಕಾ.”